ಲೆಕ್ಕಕ್ಕೆ ಬಾರದ ಕಪ್ಪು ಗುಪ್ಪಿ

ನಮ್ಮ ಪಕ್ಷಿವೀಕ್ಷಕರ ಬಳಗದಲ್ಲಿ ಒಂದು ಕಟ್ಟುಪಾಡಿದೆ. ಅಪರೂಪದ ಹಕ್ಕಿಯನ್ನು ಒಬ್ಬರೇ ಕಂಡರೆ ಅದು ಪಟ್ಟಿಗೆ ಸೇರುವುದಿಲ್ಲ. ಜೊತೆಗೆ ಇನ್ನೊಬ್ಬರು ಕಂಡಿರಬೇಕು. ನನಗೆ ಆ ಇನ್ನೊಬ್ಬರು ಯಾವಾಗಲೂ ಅಕ್ಕನೇ. ಭಾನುವಾರ ಬೆಳಿಗ್ಗೆ ಕುಂಬಾರಕೊಪ್ಪಲಿನಿಂದ ಹೊರಟು ಇಬ್ಬರೂ ಕುಕ್ಕರಹಳ್ಳಿ ಕೆರೆಗೆ ಹೋಗುತ್ತಿದ್ದೆವು. ಅವಳಿಗೆ ಚಳಿ ತಡೆಯದು, ಸೆರಗನ್ನು ಕಿವಿ ಮುಚ್ಚುವಂತೆ ಸುತ್ತಿಕೊಳ್ಳುತ್ತಿದ್ದಳು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ದುರ್ಬೀನು.

ಅವಳು ವರ್ಷಗಟ್ಟಲೆ ಹುಡುಕಿದ್ದು ಕಪ್ಪು ಗುಪ್ಪಿಯನ್ನು. ಕೊಕ್ಕರೆಯಂಥ ಹಕ್ಕಿ. ಯಾರಾದರೂ ಹತ್ತಿರ ಬಂದರೆ ಕತ್ತನ್ನು ನೆಟ್ಟಗೆ ಚಾಚಿ, ಜೊಂಡಿನ ನಡುವೆ ಜೊಂಡಾಗಿ ನಿಂತುಬಿಡುತ್ತದೆ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನನ್ನ ಮುಖ ನೋಡಿ ನಕ್ಕು, "ಅಳಬೇಡ ಕಣೇ. ಗುಪ್ಪಿ ನೋಡೋವರ್ಗೂ ನಾನೆಲ್ಲೂ ಹೋಗಲ್ಲ," ಅಂದಿದ್ದಳು. ಆ ವಾರವೇ ಹೋದಳು.

ಕೆಲವು ತಿಂಗಳ ಮೇಲೆ ಮತ್ತೆ ಕೆರೆಗೆ ಹೋದೆ. ಮಂಜು ಕವಿದಿತ್ತು. ಬಳಗದ ಉಳಿದವರು ಕೆರೆ ಏರಿಯ ಮೇಲೆ ಮುಂದೆ ನಡೆದರು. ಅಕ್ಕನೂ ನಾನೂ ನಿಲ್ಲುತ್ತಿದ್ದ ಮರದ ಕೆಳಗೆ ನಾನೊಬ್ಬಳೇ ನಿಂತೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಜೊಂಡಿನ ಒಂದು ಎಸಳಿಗೆ ಕಣ್ಣಿರುವುದು ಗೊತ್ತಾಯಿತು. ಕಪ್ಪು ಮೈ, ಕತ್ತಿನ ಪಕ್ಕ ಹಳದಿ ಪಟ್ಟೆ.

ಅಭ್ಯಾಸಬಲದಿಂದ ದುರ್ಬೀನನ್ನು ಪಕ್ಕಕ್ಕೆ ಚಾಚಿದೆ. ತೆಗೆದುಕೊಳ್ಳುವವರಿಲ್ಲ ಎಂಬುದು ಸ್ವಲ್ಪ ತಡವಾಗಿ ನೆನಪಾಯಿತು. ಕೈ ಹಿಂದಕ್ಕೆ ತಂದಾಗ ಕಣ್ಣಿಡುವ ಗಾಜಿನ ಮೇಲೆ ಉಸಿರು ತಾಗಿದಂತೆ ಆವಿ ಕಟ್ಟಿತ್ತು. ಮಂಜೇ ಇರಬೇಕು ಎಂದುಕೊಂಡು ಸೆರಗಿನಿಂದ ಒರೆಸಿದೆ.

ಟೀ ಅಂಗಡಿಯ ಮುಂದೆ, ಬಳಗದ ಹಿರಿಯರಾದ ಮೇಷ್ಟ್ರು ಪಟ್ಟಿ ಬರೆಯುವಾಗ ಗುಪ್ಪಿಯ ವಿಷಯ ಹೇಳಿದೆ.

"ನಿಮ್ ಜೊತೆ ಯಾರು ನೋಡಿದ್ರಮ್ಮ?" ಎಂದರು. ಕೇಳಿಬಿಟ್ಟೆನಲ್ಲ ಎಂದು ತಾವೇ ತಲೆ ತಗ್ಗಿಸಿದರು.

ಅಂದೇ ಮೊದಲ ಸಲ ಬಂದಿದ್ದ, ಅಕ್ಕನನ್ನು ಎಂದೂ ಕಂಡಿರದ ಹೆಂಗಸೊಬ್ಬರು ಟೀ ಊದುತ್ತಾ ಹೇಳಿದರು: "ಇವರ ಪಕ್ಕದಲ್ಲೇ ಇದ್ರಲ್ಲ ಒಬ್ರು, ಕಿವಿಗೆ ಸೆರಗು ಸುತ್ಕೊಂಡು. ಏರಿ ಮೇಲಿಂದ ನಾನೇ ನೋಡ್ದೆ ಕಣ್ರೀ. ದುರ್ಬೀನು ಅವರ ಕೈಲೇ ಇತ್ತು."

ಮೇಷ್ಟ್ರು ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದರು: "ಬರ್ಕೊಳ್ಲಾ?"

ಗುಪ್ಪಿ ನೋಡುವವರೆಗೂ ಎಲ್ಲೂ ಹೋಗಲ್ಲ ಅಂದಿದ್ದಳು ಅಕ್ಕ. ನೋಡಿ ಆಯಿತೆಂದರೆ, ಆಮೇಲೆ?

"ಬೇಡ ಸಾರ್. ಮಂಜಿತ್ತು, ಸರಿಯಾಗಿ ಕಾಣಿಸ್ಲಿಲ್ಲ," ಎಂದೆ.

ಈಗಲೂ ಭಾನುವಾರ ಆ ಮರದ ಕೆಳಗೆ ನಿಲ್ಲುತ್ತೇನೆ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು. ಜೊಂಡಿನ ಕಡೆಗೆ ಮಾತ್ರ ದುರ್ಬೀನು ತಿರುಗಿಸುವುದಿಲ್ಲ.