ಪೂವಮ್ಮನ ಎಡಗಣ್ಣು

೧೯೬೨ರಲ್ಲಿ ನಾನು ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯನಾಗಿದ್ದೆ. ಆಗ ಸುಳ್ಯ, ಕಡಬದ ಕಡೆಯ ಊರುಗಳೆಲ್ಲ ಪುತ್ತೂರು ತಾಲೂಕಿಗೇ ಸೇರಿದ್ದವು. ದೂರದ ರೋಗಿಗಳನ್ನೂ ತಪ್ಪದೆ ಆಸ್ಪತ್ರೆಗೆ ಬರುವಂತೆ ಮಾಡಿದ್ದೇನೆ ಎಂಬ ಹೆಮ್ಮೆ ನನಗಿತ್ತು.

ಅವರಲ್ಲಿ ಎಲ್ಲರಿಗಿಂತ ಶಿಸ್ತಿನವರು ಪೂವಮ್ಮ. ಕಲ್ಲುಗುಂಡಿಯ ಹತ್ತಿರದ ಊರಿನವರು, ಐವತ್ತು ದಾಟಿದ ಸೂಲಗಿತ್ತಿ. ಮನೆಯಲ್ಲಿ ಅರೆಭಾಷೆ, ನನ್ನೊಡನೆ ಕನ್ನಡ. ಅವರಿಗಿದ್ದದ್ದು ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ, ನೋವಿಲ್ಲದೆ, ದೃಷ್ಟಿ ಅಂಚಿನಿಂದ ಒಳಕ್ಕೆ ಸವೆಯುತ್ತ ಬರುವ ಕಾಯಿಲೆ ಇದು. ಹೋದ ದೃಷ್ಟಿ ಮರಳುವುದಿಲ್ಲ. ಉಳಿದದ್ದನ್ನು ಕಾಯಬಹುದು, ಅಷ್ಟೆ. ಅವರ ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿಗೆ ದಿನಕ್ಕೆ ಮೂರು ಸಲ ಪೈಲೋಕಾರ್ಪಿನ್ ಹನಿ ಹಾಕಿಕೊಳ್ಳಲು ಹೇಳಿದ್ದೆ.

ಆರು ವಾರಕ್ಕೊಮ್ಮೆ, ಸುಳ್ಯದಲ್ಲಿ ಬಸ್ಸು ಬದಲಿಸಿ, ಅವರು ಬರುತ್ತಿದ್ದರು. ಮಲಗಿಸಿ, ಕಣ್ಣನ್ನು ಮರಗಟ್ಟಿಸಿ, ಟೊನೊಮೀಟರ್ ಎಂಬ ಪುಟ್ಟ ಉಪಕರಣವನ್ನು ಕಣ್ಣಗುಡ್ಡೆಯ ಮೇಲಿಟ್ಟು ಒತ್ತಡ ಅಳೆಯುತ್ತಿದ್ದೆ. ಹದಿನೆಂಟು, ಹತ್ತೊಂಬತ್ತು. ಆರೋಗ್ಯವಂತರಲ್ಲಿ ಇರುವಷ್ಟೇ.

ಆದರೆ ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕೆ ಸರಿಸುತ್ತ ದೃಷ್ಟಿಯ ಹರವನ್ನು ಗುರುತಿಸಿದರೆ, ಅದು ಪ್ರತಿ ಸಲವೂ ಕಿರಿದಾಗುತ್ತಿತ್ತು. ಮೂರನೆಯ ಸಲವೂ ಹಾಗೇ ಆದಾಗ ನಾನು ಉಪಕರಣವನ್ನು ಶಂಕಿಸಿದೆ. ಅದು ಸರಿಯಾಗಿಯೇ ಇತ್ತು.

ನಮ್ಮ ಹಿರಿಯ ನರ್ಸ್ ಸಿಸ್ಟರ್ ಫ್ಲೋರಾ ಕೊನೆಗೆ ಹೇಳಿದರು: "ಕಾರ್ಡಿನಲ್ಲಿ ಬರೆದ ಒತ್ತಡ ಎಲ್ಲ ಸರಿ ಉಂಟು, ಕಣ್ಣಿನಲ್ಲಿ ಮಾತ್ರ ಇಲ್ಲ. ಒಮ್ಮೆ ಅವರ ಮನೆಗೇ ಹೋಗಿ ನೋಡಿದರೆ ಎಂತ ಡಾಕ್ಟ್ರೇ?"

ವೈದ್ಯನೇ ರೋಗಿಯ ಮನೆ ಹುಡುಕಿಕೊಂಡು ಹೋಗುವುದು ನನಗೆ ಹಿಡಿಸಿದ ಮಾತಲ್ಲ. ಆದರೂ ಮುಂದಿನ ಭಾನುವಾರ ಟೊನೊಮೀಟರನ್ನು ಚೀಲದಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿದೆ.

ಪೂವಮ್ಮ ಮನೆಯಲ್ಲಿರಲಿಲ್ಲ. ಹತ್ತಿರದಲ್ಲೇ ಒಂದು ಹೆರಿಗೆಗೆ ಹೋಗಿದ್ದರು. ಜಗಲಿಯಲ್ಲಿ ಕಾದು ಕೂತೆ. ಮಧ್ಯಾಹ್ನದ ಹೊತ್ತಿಗೆ ದಣಿದು ಬಂದವರು ನನ್ನನ್ನು ಕಂಡು ಬೆಚ್ಚಿದರು. ಚಾಪೆಯ ಮೇಲೆ ಮಲಗಿಸಿ ಅಳೆದೆ. ಮೂವತ್ತೆಂಟು. ಮತ್ತೊಮ್ಮೆ ಅಳೆದೆ. ಬದಲಾಗಲಿಲ್ಲ.

"ಮದ್ದಿನ ಬಾಟ್ಲಿ ತನ್ನಿ."

ನಾಲ್ಕು ವಾರದ ಹಿಂದೆ ಕೊಟ್ಟ ಬಾಟಲಿ. ಸೀಲು ಕೂಡ ಒಡೆದಿರಲಿಲ್ಲ.

"ಹಾಕ್ತೇನೆ ಅಂತ ಪ್ರತಿ ಸಲ ಹೇಳಿದ್ರಲ್ಲ ಪೂವಮ್ಮ?" ನನ್ನ ದನಿ ಏರಿತ್ತು.

"ನಿಮ್ಮಲ್ಲಿಗೆ ಬರ್ಲಿಕ್ಕೆ ಎರಡು ದಿನ ಇರುವಾಗ ಹಾಕ್ತೇನೆ ಡಾಕ್ಟ್ರೇ, ಸುಳ್ಳಲ್ಲ," ಎಂದರು. "ಆ ಮದ್ದು ಹಾಕಿದ್ರೆ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಹೆರಿಗೆಯ ಕೋಣೆಯಲ್ಲಿ ಹಗಲಲ್ಲೂ ಬೆಳಕಿಲ್ಲ. ಒಂದು ಮಗುವಿನ ಕುತ್ತಿಗೆಗೆ ಹೊಕ್ಕುಳ ಬಳ್ಳಿ ಸುತ್ತಿದ್ದು ನನಗೆ ಕಾಣಲೇ ಇಲ್ಲ. ಕೈಗೆ ಸಿಕ್ಕಿತು, ಮಗು ಉಳಿಯಿತು. ಕೈಗೂ ಸಿಗದಿದ್ರೆ? ಆಮೇಲೆ ನಾನು ಹಾಕುದು ಬಿಟ್ಟೆ."

ಪೈಲೋಕಾರ್ಪಿನ್ ಕಣ್ಣಿನ ಪಾಪೆಯನ್ನು ಕಿರಿದಾಗಿಸುತ್ತದೆ. ಮಂದ ಬೆಳಕಿನಲ್ಲಿ ಕಾಣುವುದು ಕಷ್ಟವಾಗುತ್ತದೆ. ವಿದ್ಯಾರ್ಥಿಯಾಗಿದ್ದಾಗ ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಅವರ ಕೆಲಸ ಎಂಥ ಕೋಣೆಯಲ್ಲಿ ನಡೆಯುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ.

"ಇದನ್ನು ನನಗೆ ಹೇಳಬಹುದಿತ್ತಲ್ಲ?"

"ಅಷ್ಟು ಕಾಳಜಿಯಿಂದ ಕೊಟ್ಟದ್ದನ್ನು ಬೇಡ ಹೇಳುದು ಹೇಗೆ ಮಾರಾಯ್ರೆ?"

ನನ್ನ ಸಿಟ್ಟು ಇಳಿಯಿತು, ನಾಚಿಕೆ ಉಳಿಯಿತು. ಈ ಮದ್ದು ಇವರಿಗೆ ಒಗ್ಗದು ಎಂಬುದಂತೂ ಸ್ಪಷ್ಟವಾಗಿತ್ತು. ಉಳಿದ ದಾರಿ ಟ್ರೆಫೈನ್ ಶಸ್ತ್ರಕ್ರಿಯೆ: ಕಣ್ಣಿನ ಗೋಡೆಯಲ್ಲಿ ಸಣ್ಣ ರಂಧ್ರ ಮಾಡಿ ಒಳಗಿನ ದ್ರವಕ್ಕೆ ಹೊರದಾರಿ ಕೊಡುವುದು. ಇದ್ದ ಒಂದೇ ಕಣ್ಣು. ಕೈ ತಪ್ಪಿದರೆ ಅದೂ ಇಲ್ಲ. ಹಾಗೆಯೇ ಬಿಟ್ಟರೂ ಇಲ್ಲ. ಎರಡನ್ನೂ ಮುಚ್ಚಿಡದೆ ಹೇಳಿದೆ.

ಅವರು ಬೆರಳೆಣಿಸಿದರು. "ಊರಲ್ಲಿ ಇನ್ನಿಬ್ಬರು ದಿನ ತುಂಬಿದವರಿದ್ದಾರೆ. ಅದು ಕಳೆಯಲಿ, ಬರ್ತೇನೆ. ಅಲ್ಲಿವರೆಗೆ ಹೆರಿಗೆ ಇಲ್ಲದ ದಿನ ಮದ್ದು ಹಾಕ್ತೇನೆ, ಇದು ಸತ್ಯ."

ಮೂರು ವಾರ ಕಳೆದು ಬಂದರು. ಶಸ್ತ್ರಕ್ರಿಯೆ ಸರಿಯಾಗಿಯೇ ಆಯಿತು. ಆ ಮಟ್ಟಿಗೆ ನನ್ನ ಕೆಲಸ ನನಗೆ ಗೊತ್ತಿತ್ತು. ಆದರೆ ಅದರ ನಂತರದ ತಪಾಸಣೆಗೆ ಅವರನ್ನು ಪುತ್ತೂರಿಗೆ ಕರೆಯಲಿಲ್ಲ. ಎರಡು ತಿಂಗಳಿಗೊಮ್ಮೆ ಸಿಸ್ಟರ್ ಫ್ಲೋರಾ ಮತ್ತು ನಾನು ಕಲ್ಲುಗುಂಡಿಗೆ ಹೋದೆವು, ಮುಂದೆ ಕಡಬಕ್ಕೂ. ಶಾಲೆಯ ಬೆಂಚುಗಳನ್ನು ಜೋಡಿಸಿ ರೋಗಿಗಳನ್ನು ಮಲಗಿಸುತ್ತಿದ್ದೆವು. ಹಳೆಯ ರೋಗಿಗಳ ಪೈಕಿ ಹನಿಯನ್ನು ನಿಜವಾಗಿ ಹಾಕಿಕೊಳ್ಳದವರು ಪೂವಮ್ಮ ಒಬ್ಬರೇ ಆಗಿರಲಿಲ್ಲ. ಪೂವಮ್ಮನ ಎಡಗಣ್ಣು, ಉಳಿದಿದ್ದಷ್ಟು ದೃಷ್ಟಿಯನ್ನು ನಾನು ಪುತ್ತೂರು ಬಿಡುವವರೆಗೂ ಹಿಡಿದುಕೊಂಡಿತ್ತು.

ಶಸ್ತ್ರಕ್ರಿಯೆಗೆ ಆಸ್ಪತ್ರೆ ಬೇಕೇ ಬೇಕು; ಅದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಆದರೆ ಬಾಳಿನುದ್ದಕ್ಕೂ ಇರುವ ಕಾಯಿಲೆಯ ನಿಜ ರೋಗಿಯ ಮನೆಯಲ್ಲಿರುತ್ತದೆ, ಅವರ ಕೆಲಸದಲ್ಲಿರುತ್ತದೆ. ಆಮೇಲಿನ ವರ್ಷಗಳಲ್ಲಿ ಯಾರಿಗೇ ಹನಿ ಬರೆದುಕೊಟ್ಟರೂ ಮೊದಲು ಅವರ ಕೆಲಸವೇನೆಂದು ಕೇಳುತ್ತಿದ್ದೆ. ಉತ್ತರ ಮುಗಿಯುವವರೆಗೆ ಪೆನ್ನು ಎತ್ತುತ್ತಿರಲಿಲ್ಲ.