ಬಳ್ಳಿ ನೋಡದ ಮೊದಲ ಲೇಖಕರು

ವಿಜ್ಞಾನಿಯನ್ನು ಅಳೆಯುವುದು ಬಹಳ ಸುಲಭ. ಅವಳು ಏನು ಕಂಡುಹಿಡಿದಳು ಎಂದು ಯಾರೂ ಕೇಳಬೇಕಾಗಿಲ್ಲ. ಬೇರೆಯವರು ತಮ್ಮ ಪ್ರಬಂಧದ ಕೊನೆಯಲ್ಲಿ ಅವಳ ಪ್ರಬಂಧವನ್ನು ಎಷ್ಟು ಸಲ ಹೆಸರಿಸಿದ್ದಾರೆಂದು ನೋಡಿದರೆ ಮುಗಿಯಿತು. ಅದಕ್ಕೆ ಸೈಟೇಶನ್ ಎನ್ನುತ್ತಾರೆ. ಹೊಗಳಿದರೂ ಅಷ್ಟೇ, ಬೈದರೂ ಅಷ್ಟೇ, ಓದದೆ ಹೆಸರಿಸಿದರಂತೂ ಇನ್ನೂ ಒಳ್ಳೆಯದು, ಎಲ್ಲರ ಸಮಯವೂ ಉಳಿಯುತ್ತದೆ. ಶಿರಸಿಯ ನಮ್ಮ ಕಾಲೇಜಿನಲ್ಲಿ ನನ್ನ ಬಡ್ತಿ ಈ ಲೆಕ್ಕದ ಮೇಲೆ ನಿಂತಿತ್ತು, ಲೆಕ್ಕ ನೆಲ ಕಚ್ಚಿತ್ತು.

ಕಾರಣ ಇಷ್ಟೇ, ನಾನು ನಿಲ್ಕುಂದದ ಕಾಡಿನಲ್ಲಿ ಒಂದು ಕಾಡುಮೆಣಸಿನ ಬಳ್ಳಿಯ ಹಿಂದೆ ಬಿದ್ದಿದ್ದೆ. ಅದು ಗಂಡು ಬಳ್ಳಿ. ಹೂ ಬಿಡುತ್ತದೆ, ಒಂದು ಕಾಳೂ ಕಟ್ಟುವುದಿಲ್ಲ. ಆದರೆ ತೋಟದ ಮೆಣಸನ್ನು ಸಾಲಾಗಿ ಕೊಲ್ಲುವ ಸೊರಗು ರೋಗ ಇದರ ಬೇರಿನ ತಂಟೆಗೆ ಬರುವುದಿಲ್ಲ. ಇಷ್ಟನ್ನು ಖಾತ್ರಿ ಮಾಡಿಕೊಳ್ಳಲು ವರ್ಷಗಟ್ಟಲೆ ಕಾಲಿಗೆ ಹತ್ತುವ ಉಂಬಳಗಳಿಗೆ ರಕ್ತ ಕುಡಿಸಿದೆ. ಅಷ್ಟರಲ್ಲಿ ಸಹೋದ್ಯೋಗಿಗಳು ಪ್ರಬಂಧದ ಮೇಲೆ ಪ್ರಬಂಧ ಹೆತ್ತಿದ್ದರು.

ನಮ್ಮ ಸಂಶೋಧನಾ ಸಮಿತಿಯ ಮುಖ್ಯಸ್ಥರು ರಸಾಯನಶಾಸ್ತ್ರದವರು, ಮಂಚಿಕೇರಿ ಕಡೆಯ ತೋಟದ ಮನೆಯವರು. ನನ್ನ ಸ್ಥಿತಿ ನೋಡಿ ಕನಿಕರದಿಂದ ಉಪಾಯ ಹೇಳಿದರು.

"ತಂಗೀ, ಅಡಕೆ ಕೊನೆ ಕೊಯ್ಲಿಗೆ ಮುಯ್ಯಾಳು ಮಾಡ್ತ್ಯಲಿ, ಹಂಗೇಯ. ನೀನು ಯಂಗಳ ಪ್ರಬಂಧದ ಹೆಸರು ಹಾಕು, ಯಂಗ ನಿಂದು ಹಾಕ್ತ್ಯ. ಇದ್ರಲ್ಲಿ ಹೆದರದು ಎಂತ ಇದ್ದು?"

ಮುಯ್ಯಾಳು ನಮ್ಮಲ್ಲಿ ಹೊಸದಲ್ಲ. ಇವತ್ತು ಅವರ ಮನೆಯವರು ನಮ್ಮ ತೋಟದ ಕೆಲಸಕ್ಕೆ, ನಾಳೆ ನಮ್ಮ ಮನೆಯವರು ಅವರ ತೋಟಕ್ಕೆ. ಒಂದೇ ವ್ಯತ್ಯಾಸ, ಆ ಮುಯ್ಯಾಳಿನಲ್ಲಿ ಬಂದವರು ಕೆಲಸ ಮಾಡುತ್ತಾರೆ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಡುವೆ ಹೆಸರುಗಳ ಸಾಗಾಟ ಶುರುವಾಯಿತು. ಯಲ್ಲಾಪುರದ ಭೌತಶಾಸ್ತ್ರದವರೊಬ್ಬರು ಅರಬೈಲ್ ಘಟ್ಟದಲ್ಲಿ ಲಾರಿಗಳ ಬ್ರೇಕು ಬಿಸಿಯಾಗುವ ಬಗ್ಗೆ ಬರೆದಿದ್ದರು. ಅದನ್ನು ನನ್ನ ಮೆಣಸಿನ ಪ್ರಬಂಧದಲ್ಲಿ ಹೇಗಾದರೂ ತುರುಕಬೇಕು. ‘ಒತ್ತಡ ತಾಳಿಕೊಳ್ಳುವ ಗುಣ ಇತರ ವ್ಯವಸ್ಥೆಗಳಲ್ಲೂ ಕಂಡುಬಂದಿದೆ’ ಎಂದು ಬರೆದು ಲಾರಿಯನ್ನು ಒಳಗೆ ಬಿಟ್ಟೆ. ಅವರು ತಮ್ಮ ಮುಂದಿನ ಬ್ರೇಕಿನ ಪ್ರಬಂಧದಲ್ಲಿ ನನ್ನ ಬಳ್ಳಿಯನ್ನು ಹತ್ತಿಸಿಕೊಳ್ಳುವುದಾಗಿ ಮಾತು ಕೊಟ್ಟರು. ಅಷ್ಟಕ್ಕೇ ಮುಗಿಯಲಿಲ್ಲ. ಸಹಯೋಗಕ್ಕೂ ಅಂಕ ಇದೆಯೆಂದು ಮುಖ್ಯಸ್ಥರು ಈ ಮುಯ್ಯಾಳಿನವರೆಲ್ಲರನ್ನೂ ನನ್ನ ಪ್ರಬಂಧದ ಲೇಖಕರನ್ನಾಗಿ ಮಾಡಿದರು. ಹಿರಿಯರೆಂದು ತಮ್ಮ ಹೆಸರು ಮೊದಲು. ಬರೆದವಳದ್ದು ಕೊನೆಗೆ. ಬಡ್ತಿ ಬೇಕಿತ್ತು, ಬಾಯಿ ಮುಚ್ಚಿಕೊಂಡೆ.

ಪ್ರಬಂಧ ಅಚ್ಚಾದ ಮೇಲೆ, ನನ್ನ ಮತ್ತು ಮುಖ್ಯಸ್ಥರ ಬಡ್ತಿಯ ಪರಿಶೀಲನೆಗೆ ಧಾರವಾಡದ ಕಡೆಯಿಂದ ಪರಿಣತರೊಬ್ಬರು ಬಂದರು. ಅವರಿಗೆ ಬಳ್ಳಿಯನ್ನು ಕಣ್ಣಾರೆ ನೋಡುವ ಆಸೆ. ಲೇಖಕರೆಲ್ಲ ಜೀಪು ಹತ್ತಿ ನಿಲ್ಕುಂದಕ್ಕೆ ಹೊರಟರು. ನನ್ನನ್ನು ಬಿಟ್ಟರೆ ಎಲ್ಲರಿಗೂ ಅದೇ ಮೊದಲ ಸಲ.

ಕಾಡಿನ ಅಂಚಿನಲ್ಲಿ ಇಳಿದದ್ದೇ ಪರಿಣತರು ಮೊದಲ ಲೇಖಕರತ್ತ ತಿರುಗಿದರು. "ಎಲ್ಲೈತ್ರಿ ನಿಮ್ಮ ಬಳ್ಳಿ? ತೋರಸ್ರಿ ನೋಡೂಣು."

ತೋಟದವರ ಕಣ್ಣು ಮೆಣಸಿನ ಬಳ್ಳಿಯಲ್ಲಿ ಮೊದಲು ಹುಡುಕುವುದು ಕಾಯನ್ನು. ಮುಖ್ಯಸ್ಥರು ಸುತ್ತ ಕಣ್ಣಾಡಿಸಿ, ಗೊಂಚಲು ಜೋತುಬಿದ್ದಿದ್ದ ಬಳ್ಳಿಯೊಂದಕ್ಕೆ ಕೈಚಾಚಿದರು. "ಇದೇ ಸರ್."

ಅದು ಪಕ್ಕದ ತೋಟದವರು ಬೇಲಿಯಂಚಿನ ಮರಕ್ಕೆ ಹಬ್ಬಿಸಿದ್ದ ಮಾಮೂಲಿ ಮೆಣಸು. ಪರಿಣತರು ಗೊಂಚಲು ಹಿಡಿದುಕೊಂಡು ಫೋಟೋಕ್ಕೆ ನಿಂತರು. ಬ್ರೇಕಿನವರು ತಲೆ ಬಾಚಿಕೊಂಡು ಪಕ್ಕಕ್ಕೆ ಬಂದು ನಿಂತರು.

ನನಗೆ ತಡೆಯಲಾಗಲಿಲ್ಲ. "ಸರ್, ಅದಲ್ಲ. ನಮ್ಮ ಬಳ್ಳಿ ಇನ್ನೂ ಒಳಗಿದೆ, ಹಳ್ಳದ ಮೇಲಿನ ಮರದ ಸಂಕ ದಾಟಿ ಹೋಗಬೇಕು. ಅದರಲ್ಲಿ ಕಾಯಿ ಇರುವುದಿಲ್ಲ," ಎಂದೆ.

"ಕಾಯೇ ಬಿಡಂಗಿಲ್ಲ? ಅಂಥಾದ್ರ ಹಿಂದ ಇಷ್ಟು ವರ್ಷ ಯಾಕ ತಿರುಗೀರಿ?" ಎಂದು ಪರಿಣತರು ಜೀಪಿನ ಕಡೆ ನಡೆದರು. ಅವರೂ ಪ್ರಬಂಧ ಓದಿಲ್ಲ ಎಂಬುದು ಆಗ ತಿಳಿಯಿತು.

ಮುಖ್ಯಸ್ಥರಿಗೆ ಬಡ್ತಿ ಸಿಕ್ಕಿತು, ನನಗೆ ಸಿಗಲಿಲ್ಲ. ಮೊದಲ ಹೆಸರಿಗೆ ಅಂಕದ ದೊಡ್ಡ ಪಾಲು, ಕೊನೆಯ ಹೆಸರಿಗೆ ಚೂರುಪಾರು. ಅದರ ಜೊತೆಗೆ ‘ಸಹಯೋಗದ ಮನೋಭಾವ ಸಾಲದು’ ಎಂಬ ಷರಾ ಬೇರೆ. ಯಲ್ಲಾಪುರದವರು ನನ್ನ ಬಳ್ಳಿಯನ್ನು ಲಾರಿಯಿಂದ ಇಳಿಸಿಬಿಟ್ಟರು. ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಈ ಸಲ ಮಳೆಗಾಲ ಮುಗಿಯುತ್ತಿದ್ದಂತೆ ಮುಖ್ಯಸ್ಥರ ಫೋನು ಬಂತು. ದನಿ ಮೆತ್ತಗಿತ್ತು.

"ತಂಗೀ, ಯಮ್ಮನೆ ತೋಟದಲ್ಲಿ ಮೆಣಸು ಪೂರ್ತಿ ಸೊರಗ್ತಾ ಇದ್ದು. ಆ ನಿಲ್ಕುಂದದ ಬಳ್ಳಿ ಎಲ್ಲಿದ್ದು ಹೇಳಿ ತೋರ್ಸ್ತ್ಯಾ? ಅದರ ಬೇರಿಗೆ ಕಸಿ ಕಟ್ಟಿ ನೋಡವು."

"ದಾರಿ, ಹಳ್ಳ, ಮರ, ಎಲ್ಲಾ ಪ್ರಬಂಧದಲ್ಲೇ ಇದ್ದು ಸರ್," ಎಂದೆ. "ಮೊದ್ಲ ಹೆಸರು ನಿಂಗಳದ್ದೇಯ. ಓದಿ."

ಆ ಕಡೆ ಕಪಾಟು ತೆಗೆದು ಕಾಗದ ತಡಕುವ ಸದ್ದು ಕೇಳಿಸಿತು. ಆಮೇಲೆ ಕೇಳಿದರು.

"ಅದರದ್ದೊಂದು ಪ್ರತಿ ನಿನ್ನ ಹತ್ರ ಇದ್ದಾ?"