ದಾಸಣ್ಣನ ಎರಡೂವರೆ ಬೆರಳು ಕತ್ತು

ಚಳ್ಳಕೆರೆಯ ಕುರಿ ಸಂತೆಯಲ್ಲಿ ದಲ್ಲಾಳಿ ದಾಸಣ್ಣನ ಬಂಡವಾಳವೆಂದರೆ ಒಂದು ಟವಲು, ಒಂದು ಕತ್ತು. ಟವಲಿನ ಮರೆಯಲ್ಲಿ ಗಿರಾಕಿಯ ಬೆರಳು ಹಿಡಿದು ದರ ಕುದುರಿಸುವಾಗ ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿಬಿಡುತ್ತಿದ್ದ. ಅವನದು ಗುಟ್ಟು ನಿಲ್ಲದ ಮುಖ. ಒಳ್ಳೆಯ ದರ ಕೈಗೆ ಸಿಕ್ಕಿತೆಂದರೆ ಹುಬ್ಬು ಹಣೆ ಹತ್ತುತ್ತಿತ್ತು. ಮೂವತ್ತೈದು ವರ್ಷ ಆ ಹುಬ್ಬನ್ನು ಕಾಪಾಡಿದ್ದು ಕತ್ತು.

ಆ ಕತ್ತನ್ನು ಒಂದು ಟಗರು ಮುರಿಯಿತು. ಗೂಡ್ಸ್ ಆಟೋದಿಂದ ಕುರಿ ಇಳಿಸುವಾಗ ಹಿಂದಿನಿಂದ ಗುದ್ದಿತು. ದಾಸಣ್ಣ ತಲೆಕೆಳಗಾಗಿ ಬಿದ್ದ. ಟಗರಿನ ಕತ್ತಿಗೆ ಏನೂ ಆಗಲಿಲ್ಲವಲ್ಲ ಎಂಬ ಸಂಕಟ ಅವನಿಗೆ ಈಗಲೂ ಇದೆ.

ದೊಡ್ಡಾಸ್ಪತ್ರೆಯಲ್ಲಿ ಕತ್ತಿಗೆ ಗಟ್ಟಿ ಪಟ್ಟಿ ಕಟ್ಟಿ ಮಲಗಿಸಿದರು. ಹೆಂಡತಿ ಸಿದ್ದಕ್ಕ ತಿಪ್ಪೇಸ್ವಾಮಿ ಗುಡಿಯ ವಿಭೂತಿಯನ್ನು ಹಣೆಗಿಷ್ಟು, ಪಟ್ಟಿಗಿಷ್ಟು ಹಚ್ಚಿ ಪಕ್ಕದಲ್ಲಿ ಕೂತಿದ್ದಳು. ಡಾಕ್ಟರ್ ಸೌಂದರ್ಯ ಬಂದು ಸ್ಟೂಲ್ ಎಳೆದುಕೊಂಡರು.

"ಬೀಸೋ ಕಲ್ಲು ನೋಡಿದ್ದೀರಲ್ಲ? ಕತ್ತಿನ ಎರಡನೇ ಮೂಳೆಗೆ ಅಂಥದೇ ಒಂದು ಗೂಟ ಇರುತ್ತೆ. ಮೊದಲನೇದು ತಲೆ ಹೊತ್ಕೊಂಡು ಅದರ ಸುತ್ತ ತಿರುಗುತ್ತೆ. ನಿಮ್ಮ ಗೂಟ ಬುಡದಲ್ಲಿ ಮುರಿದಿದೆ. ತಲೆ ಸುತ್ತ ಬಳೆ ಕೂರಿಸಿ, ಬುರುಡೆಗೆ ಮೊಳೆ ಬಿಗಿದು, ಮೂರು ತಿಂಗಳು ಇರೋದು ಒಂದು ದಾರಿ."

"ಹಂಗೇ ಸಂತೆಗೋದ್ರೆ ಕುರಿ ಹಗ್ಗ ಹರ್ಕೊಂಡು ಓಡ್ತವೆ," ಎಂದಳು ಸಿದ್ದಕ್ಕ.

"ಈ ವಯಸ್ಸಿಗೆ ನಾನೂ ಅದು ಬೇಡ ಅಂತೀನಿ. ಮುಂದಿನಿಂದ, ಗಂಟಲ ಪಕ್ಕ ಕುಯ್ದು ಗೂಟಕ್ಕೆ ಒಂದು ಸ್ಕ್ರೂ ಹಾಕಬಹುದು. ತಿರುಗೋದು ಉಳಿಯುತ್ತೆ."

"ಅದನ್ನೇ ಮಾಡ್ರವ್ವ," ಎಂದ ದಾಸಣ್ಣ.

"ನಿಮ್ಮ ಮೂಳೆ ಸವೆದಿದೆ, ಮುರಿದಿರೋದೂ ಓರೆಯಾಗಿ. ಸ್ಕ್ರೂ ನಿಲ್ಲಲ್ಲ. ಗೂಟ ಜಾರಿದ್ರೆ ಕೈಕಾಲು ಹೋಗ್ಬಹುದು, ಉಸಿರೂ ನಿಲ್ಲಬಹುದು. ಹಿಂದಿನಿಂದ ಎರಡೂ ಮೂಳೆ ಸೇರಿಸಿ ಸ್ಕ್ರೂ, ಸರಳು ಬಿಗಿದ್ರೆ ಭದ್ರ. ಆದ್ರೆ ತಿರುಗೋದು ಅರ್ಧ ಹೋಗುತ್ತೆ."

ದಾಸಣ್ಣ ಲೆಕ್ಕ ಹಾಕಿದ. ಅರ್ಧ ತಿರುಗಿದ ಮುಖದಲ್ಲಿ ಒಂದು ಹುಬ್ಬಾದರೂ ಕಂಡೇ ಕಾಣುತ್ತದೆ, ವ್ಯಾಪಾರ ಮುಗಿದಂತೆಯೇ. ಅವನ ಕೈ ತಾನಾಗಿಯೇ ಎದೆಯ ಮೇಲಿದ್ದ ಟವಲಿನಡಿ ಸರಿಯಿತು.

"ಕೈ ಕೊಡ್ರವ್ವ. ಐದು ಬೆರಳಂದ್ರೆ ಪೂರಾ ಕತ್ತು."

"ಆಸ್ಪತ್ರೇಲೂ ಸಂತೆ ಕಟ್ಟಿದೀಯಾ?" ಸಿದ್ದಕ್ಕ ಸೆರಗು ಬಾಯಿಗಿಟ್ಟುಕೊಂಡಳು.

ಡಾಕ್ಟರು ನಗುತ್ತ ಕೈ ಕೊಟ್ಟರು. ದಾಸಣ್ಣ ಅವರ ನಾಲ್ಕು ಬೆರಳು ಹಿಡಿದ. ಅವರು ಬಿಡಿಸಿಕೊಂಡು, ಇವನ ಎರಡು ಬೆರಳನ್ನು ಒತ್ತಿ, ಮೂರನೆಯದನ್ನು ನಡುವಿಗೆ ಮಡಿಸಿದರು. ದಾಸಣ್ಣ ಬೆಚ್ಚಿದ. ಹೊಸಬರ ಕೈಯಲ್ಲ ಅದು.

"ಎಲ್ಲಿ ಕಲಿತ್ರಿ?"

"ಮೊಳಕಾಲ್ಮೂರು ಕಡೆ ನಮ್ಮಜ್ಜಂದು ಕುರಿಹಿಂಡು ಐತೆ. ಎರಡೂವರೆ. ಅದರ ಮೇಲೆ ಗಿಟ್ಟಲ್ಲ."

"ಮೂರು ಮಾಡ್ರಿ."

"ನನ್ನ ಹತ್ರ ಇರೋದೇ ಇಷ್ಟು."

ದಾಸಣ್ಣ ಕಣ್ಣು ಮಾತ್ರ ಹೊರಳಿಸಿ ಸಿದ್ದಕ್ಕನನ್ನು ನೋಡಿದ.

"ತಿರುಗದಿದ್ರೆ ಬಿಡು," ಎಂದಳು ಅವಳು. "ಉಸಿರಾಡೋ ಕತ್ತು ಸಾಕು ನಂಗೆ."

ಅವನು ಡಾಕ್ಟರ ಎರಡೂವರೆ ಬೆರಳನ್ನು ತಿರುಗಿ ಒತ್ತಿದ. ವ್ಯಾಪಾರ ಕುದುರಿತು.

ಐದನೇ ತಿಂಗಳಿಗೆ ದಾಸಣ್ಣ ಮತ್ತೆ ಸಂತೆಗೆ ಬಂದ. ಹಳೇ ಗಿರಾಕಿ ಕಾಟಪ್ಪ ಕೈ ಚಾಚಿದಾಗ ಮುಖ ತಿರುಗಿಸಲು ನೋಡಿದ; ಅದು ಅರ್ಧಕ್ಕೇ ನಿಂತಿತು. ಆಗ ಇಡೀ ಮೈಯನ್ನೇ ಗಿರಕ್ಕನೆ ತಿರುಗಿಸಿ, ಟವಲು ಹೊದಿಸಿದ ಕೈಯನ್ನು ಬೆನ್ನ ಹಿಂದೆ ಚಾಚಿದ.

"ಲೇ ದಾಸ, ವ್ಯಾಪಾರ ಮಾಡ್ತೀಯೋ, ಮುನಿಸ್ಕೊಂಡೀಯೋ?"

"ನೀನು ಬೆರಳು ಹಿಡಿ. ಮುನಿಸು ಆಮೇಲೆ."

ಕಾಟಪ್ಪ ಹಿಡಿದ. ದಾಸಣ್ಣನ ಎರಡೂ ಹುಬ್ಬು ಹಣೆ ಹತ್ತಿದವು. ಅದನ್ನು ನೋಡಿದ್ದು ಎದುರಿಗೆ ಕಟ್ಟಿದ್ದ ಕುರಿಗಳು ಮಾತ್ರ.